ಮನೆಯಲ್ಲಿ ರೋಗಿ, ಆಫೀಸಿನಲ್ಲಿ ಹಾಜರಿ: ಆರೈಕೆ ಮಾಡುವ ನೌಕರರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹದಿನಾರು ವರ್ಷ ಬೆಂಗಳೂರಿನ ಖಾಸಗಿ ಕಂಪನಿಗಳ ಎಚ್‌ಆರ್ ವಿಭಾಗದಲ್ಲಿದ್ದವಳು. ಯಾರಿಗೆ ಎಷ್ಟು ರಜೆ, ಯಾರಿಗೆ ಲಾಸ್ ಆಫ್ ಪೇ ಅಂತ ಲೆಕ್ಕ ಹಾಕುವುದೇ ಕೆಲಸ. ಒಂದು ಬೆಳಿಗ್ಗೆ ಅತ್ತೆಗೆ ಸ್ಟ್ರೋಕ್ ಆಯಿತು. ಆವತ್ತಿನಿಂದ ಅರ್ಜಿ ಹಿಡಿದು ನಿಲ್ಲುವ ಸರದಿ ನನ್ನದಾಯಿತು. ಆಮೇಲೆ ಪರಿಚಯದವರು, ಅವರ ಪರಿಚಯದವರು ಫೋನ್ ಮಾಡಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳಲ್ಲಿ ಕಾನೂನೂ ಇದೆ, ನನ್ನ ಅಭಿಪ್ರಾಯವೂ ಇದೆ.

ಪ್ರಶ್ನೆ: ಆರೈಕೆ ಮಾಡುವ ನೌಕರರು ಅಂದ್ರೆ ಯಾರು? ನಾನೂ ಆ ಲೆಕ್ಕಕ್ಕೆ ಬರ್ತೀನಾ?

ತಿಂಗಳ ಸಂಬಳದ ಕೆಲಸ ಒಂದು ಕಡೆ, ಮನೆಯಲ್ಲಿ ನಿಮ್ಮನ್ನು ನೆಚ್ಚಿಕೊಂಡ ಜೀವ ಇನ್ನೊಂದು ಕಡೆ ಇದ್ದರೆ ಬರ್ತೀರಿ. ಎಳೆಗೂಸು, ಅಂಗವೈಕಲ್ಯ ಇರುವ ಮಗು, ಡಯಾಲಿಸಿಸ್‌ಗೆ ಹೋಗುವ ಗಂಡ, ಮರೆವಿನ ಕಾಯಿಲೆ ಬಂದ ಅಪ್ಪ, ಯಾರೇ ಆಗಬಹುದು. ಒಂದೇ ಮನೆಯಲ್ಲಿ ಇರಬೇಕು ಅಂತಲೂ ಇಲ್ಲ. ಬೆಂಗಳೂರಿನಲ್ಲಿ ಕೂತು ಹಾಸನದಲ್ಲಿರುವ ಅಮ್ಮನಿಗೆ ದಿನಕ್ಕೆ ಮೂರು ಸಲ ಫೋನ್ ಮಾಡಿ 'ಮಾತ್ರೆ ತಗೊಂಡ್ಯಾ' ಅಂತ ಕೇಳುವವರೂ ಇದೇ ಗುಂಪು.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆರೈಕೆದಾರರು ಯಾರು ಅಂತ ಬರೆದಿಟ್ಟಿದೆ. ಅಂಗವಿಕಲರನ್ನು ದುಡ್ಡು ತಗೊಂಡೋ ತಗೊಳ್ಳದೆಯೋ ನೋಡಿಕೊಳ್ಳುವ ತಂದೆ-ತಾಯಿ, ಮನೆಯವರು ಎಲ್ಲರೂ ಅದರಲ್ಲಿ ಸೇರುತ್ತಾರೆ. ತೊಂದರೆ ಏನಂದ್ರೆ, ನಾವೇ ನಮ್ಮನ್ನು ಹಾಗೆ ಕರೆದುಕೊಳ್ಳುವುದಿಲ್ಲ. 'ನಾನು ಸೊಸೆ ಅಷ್ಟೇ' ಅಂತೀವಿ.

ಪ್ರಶ್ನೆ: ಮನೆಯವರನ್ನು ನೋಡಿಕೊಳ್ಳೋದು ನಮ್ಮ ಧರ್ಮ. ಅದರಿಂದ ಆರೋಗ್ಯ ಕೆಡುತ್ತೆ ಅನ್ನೋದು ಅತಿಯಾಗಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಅತ್ತೆಗೆ ಬೆನ್ನು ಹುಣ್ಣು ಆಗಬಾರದು ಅಂತ ರಾತ್ರಿ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕಿತ್ತು. ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ, ಐದಕ್ಕೆ ಅಲಾರಂ. ಬೆಳಿಗ್ಗೆ ಗಟ್ಟಿ ರಾಗಿ ಗಂಜಿ. ತೆಳ್ಳಗಿದ್ದರೆ ಗಂಟಲಿಗೆ ಸಿಕ್ಕಿ ಕೆಮ್ಮು ಬರುತ್ತಿತ್ತು. ಒಂಬತ್ತೂಕಾಲಿಗೆ ಆಫೀಸಿನಲ್ಲಿ ಬೆರಳೊತ್ತಬೇಕು. ಮೂರನೇ ತಿಂಗಳು ಒಂದು ಸಂಜೆ ಅತ್ತೆಯ ಬಿಪಿ ನೋಡಿ, ಸುಮ್ನೆ ತಮಾಷೆಗೆ ಅದೇ ಪಟ್ಟಿಯನ್ನು ನನ್ನ ತೋಳಿಗೂ ಸುತ್ತಿದೆ. ಅತ್ತೆಗೆ 130/80 ಇತ್ತು. ನನಗೆ 158/98. ಮೆಷಿನ್ ಕೆಟ್ಟಿರಬೇಕು ಅಂತ ಸೆಲ್ ಬದಲಿಸಿ ನೋಡಿದೆ. ಕೆಟ್ಟಿದ್ದದ್ದು ಮೆಷಿನ್ ಅಲ್ಲ.

ಈ ವಿಷಯದಲ್ಲಿ ಎರಡು ಹಳೆಯ ಅಧ್ಯಯನಗಳನ್ನು ಎಲ್ಲರೂ ನೆನೆಯುತ್ತಾರೆ. 1995ರಲ್ಲಿ ಅಮೆರಿಕದ ಓಹಾಯೋದಲ್ಲಿ, ಮರೆವಿನ ರೋಗಿಗಳನ್ನು ನೋಡಿಕೊಳ್ಳುವ 13 ಹೆಂಗಸರ ತೋಳಿನಲ್ಲಿ ಮೂರೂವರೆ ಮಿಲಿಮೀಟರ್‌ನ ಪುಟ್ಟ ಗಾಯ ಮಾಡಿ, ಅದು ಮಾಯುವುದಕ್ಕೆ ಎಷ್ಟು ದಿನ ಬೇಕು ಅಂತ ಎಣಿಸಿದರು. ಆರೈಕೆಯ ಹೊರೆ ಇಲ್ಲದವರಿಗೆ ಸರಾಸರಿ 39 ದಿನ, ಇವರಿಗೆ 48 ದಿನ ದಾಟಿತು. ಹೆಂಗಸರ ಸಂಖ್ಯೆ ಸಣ್ಣದು, ಒಪ್ಪುತ್ತೇನೆ. ಆದರೆ ದಣಿವು ಮನಸ್ಸಿನಲ್ಲಷ್ಟೇ ಅಲ್ಲ, ಚರ್ಮದಲ್ಲೂ ಕಾಣುತ್ತದೆ ಅಂತ ತೋರಿಸಿದ್ದು ಅದು. 1999ರದ್ದು ಇನ್ನೂ ಗಂಭೀರ. ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಿದ್ದ ವಯಸ್ಸಾದವರನ್ನು ನಾಲ್ಕು ವರ್ಷ ಗಮನಿಸಿದರು. ಆರೈಕೆ ಮಾಡುತ್ತಾ ಒತ್ತಡದಿಂದ ಬಳಲುತ್ತಿದ್ದವರಲ್ಲಿ ಸಾವಿನ ಸಾಧ್ಯತೆ ಬೇರೆಯವರಿಗಿಂತ ಶೇ 63ರಷ್ಟು ಜಾಸ್ತಿ ಇತ್ತು. ಅದೇ ಅಧ್ಯಯನದ ಇನ್ನೊಂದು ಮಾತನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ. ಆರೈಕೆ ಮಾಡುತ್ತಿದ್ದರೂ ಒತ್ತಡ ಇಲ್ಲ ಅಂದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಅಂದ್ರೆ ಕೊಲ್ಲುವುದು ಆರೈಕೆ ಅಲ್ಲ. ಅದನ್ನು ಯಾವ ಸ್ಥಿತಿಯಲ್ಲಿ ಮಾಡುತ್ತೀವಿ ಅನ್ನೋದು. ಆ ಸ್ಥಿತಿಯಲ್ಲಿ ಅರ್ಧ ಭಾಗ ಆಫೀಸಿನದು.

ಪ್ರಶ್ನೆ: ಆಫೀಸಿಗೂ ನನ್ನ ಬಿಪಿಗೂ ಹೇಗೆ ಸಂಬಂಧ?

ನನ್ನ ಅನುಭವದಲ್ಲಿ ಅತಿ ಸುಸ್ತು ಮಾಡಿದ್ದು ಮಗ್ಗುಲು ಬದಲಿಸುವ ಕೆಲಸ ಅಲ್ಲ. ಮುಚ್ಚಿಡುವ ಕೆಲಸ. ಮೀಟಿಂಗ್ ಮಧ್ಯೆ ಹೋಮ್ ನರ್ಸ್ ಫೋನ್ ಬಂದರೆ ಬಾತ್‌ರೂಮಿಗೆ ಹೋಗಿ ಮಾತಾಡೋದು. ಫಿಸಿಯೋ ಬರುವ ದಿನ 'ಬ್ಯಾಂಕ್ ಕೆಲಸ ಇದೆ' ಅನ್ನೋದು. ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ನಿಂತು ಡಾಕ್ಟರಿಗೆ ವರದಿ ಓದಿ ಹೇಳೋದು. ಫೋನ್ ನಡುಗಿದರೆ ಸಾಕು, ಹೊಟ್ಟೆ ಕಿವುಚಿದ ಹಾಗೆ. ಆರು ತಿಂಗಳು ಹೀಗೇ ಇದ್ದರೆ ಯಾವ ಮೈ ತಡೆದೀತು?

2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಅಳೆದು ನೋಡಿತು. ಅಮೆರಿಕದ ವೃದ್ಧರ ಆರೈಕೆ ಕೇಂದ್ರಗಳ ನೌಕರರನ್ನು ತೆಗೆದುಕೊಂಡು, ಅವರ ಮ್ಯಾನೇಜರ್‌ಗಳು ಮನೆ ಕಷ್ಟಕ್ಕೆ ಹೇಗೆ ಸ್ಪಂದಿಸುತ್ತಾರೆ ಅಂತ ವಿಚಾರಿಸಿದರು. ಆಮೇಲೆ ನೌಕರರ ಕೈಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟಿದರು, ರಕ್ತ ಪರೀಕ್ಷೆ ಮಾಡಿದರು. ಸ್ಪಂದಿಸದ ಮ್ಯಾನೇಜರ್ ಕೈಕೆಳಗೆ ಇದ್ದವರು ದಿನಕ್ಕೆ 29 ನಿಮಿಷ ಕಡಿಮೆ ಮಲಗುತ್ತಿದ್ದರು. ಹೃದಯದ ಕಾಯಿಲೆಗೆ ದಾರಿ ಮಾಡುವ ಲಕ್ಷಣಗಳು ಎರಡೋ ಹೆಚ್ಚೋ ಇರುವ ಸಾಧ್ಯತೆ ಅವರಲ್ಲಿ ದುಪ್ಪಟ್ಟಿಗೂ ಮಿಗಿಲಾಗಿತ್ತು. ಅಂದ್ರೆ ಕಂಪನಿಯ ಪಾಲಿಸಿ, ಅಂದರೆ ರಜೆ-ಹಾಜರಿಯ ನಿಯಮ, ಪುಸ್ತಕದಲ್ಲಿದ್ದರಷ್ಟೇ ಸಾಲದು. ಮ್ಯಾನೇಜರ್ ಎಂಥವರು ಅನ್ನೋದೂ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಪಾಲಿಸಿ ಬದಲಿಸಿದರೆ ಆರೋಗ್ಯ ನಿಜವಾಗಿ ಸುಧಾರಿಸುತ್ತಾ? ಅಥವಾ ಕೇಳೋಕೆ ಚೆನ್ನಾಗಿರೋ ಮಾತಾ?

ಸುಧಾರಿಸುತ್ತದೆ, ಎಲ್ಲರಿಗೂ ಒಂದೇ ಸಮ ಅಲ್ಲ. ಅಮೆರಿಕದ ಒಂದು ಐಟಿ ಕಂಪನಿ ಮತ್ತು ವೃದ್ಧಾಶ್ರಮಗಳ ಒಂದು ಸಂಸ್ಥೆಯಲ್ಲಿ ಎರಡು ಬದಲಾವಣೆ ಮಾಡಿ ನೋಡಿದರು. ಒಂದು, ಯಾವ ಹೊತ್ತಿಗೆ ಎಲ್ಲಿ ಕೂತು ಕೆಲಸ ಮಾಡಬೇಕು ಅನ್ನುವುದರಲ್ಲಿ ನೌಕರರಿಗೆ ಜಾಸ್ತಿ ಮಾತು. ಎರಡು, ನೌಕರರ ಮನೆ ವಿಷಯ ಹೇಗೆ ಕೇಳಿಸಿಕೊಳ್ಳಬೇಕು ಅಂತ ಮ್ಯಾನೇಜರ್‌ಗಳಿಗೆ ತರಬೇತಿ. ಸಂಬಳ ಏರಿಸಲಿಲ್ಲ, ರಜೆ ಸೇರಿಸಲಿಲ್ಲ. ಹೃದಯದ ಅಪಾಯದ ಮೇಲೆ ಇದರ ಪರಿಣಾಮ ಏನು ಅನ್ನುವ ಫಲಿತಾಂಶ 2023ರಲ್ಲಿ ಬಂತು. ಮೊದಲೇ ಅಪಾಯ ಜಾಸ್ತಿ ಇದ್ದ ನೌಕರರಲ್ಲಿ, ಅದರಲ್ಲೂ 45 ದಾಟಿದವರಲ್ಲಿ, ವಯಸ್ಸು 5ರಿಂದ 10 ವರ್ಷ ಹಿಂದಕ್ಕೆ ಹೋದಷ್ಟು ಅಪಾಯ ಇಳಿದಿತ್ತು. ಗಟ್ಟಿಮುಟ್ಟಾಗಿದ್ದ ಹುಡುಗ ಹುಡುಗಿಯರಿಗೆ ಅಂಥ ಫರಕು ಕಾಣಲಿಲ್ಲ.

ನನಗೆ ಇದರಲ್ಲಿ ಇಷ್ಟವಾದದ್ದು ಇಷ್ಟೇ. ಮಾತ್ರೆ ಇಲ್ಲ, ಯೋಗ ಶಿಬಿರ ಇಲ್ಲ, 'ವೆಲ್‌ನೆಸ್ ವೀಕ್' ಅಂತ ಬಾಳೆಹಣ್ಣು ಹಂಚಿದ್ದಿಲ್ಲ. ನಾಳೆ ಮಂಗಳವಾರ ಹತ್ತೂವರೆಗೆ ಬಂದರೆ ಯಾರೂ ಏನೂ ಕೇಳುವುದಿಲ್ಲ ಅನ್ನುವ ಖಾತ್ರಿ. ಅದು ಸಿಕ್ಕಿದ ರಾತ್ರಿ ನಿದ್ದೆ ಬರುತ್ತದೆ.

ಪ್ರಶ್ನೆ: ನಮ್ಮ ಕಾನೂನಿನಲ್ಲಿ ಅಪ್ಪ-ಅಮ್ಮನನ್ನು ನೋಡಿಕೊಳ್ಳಲು ರಜೆ ಇದೆಯಾ?

ಖಾಸಗಿ ನೌಕರರಿಗೆ ಆ ಹೆಸರಿನ ರಜೆ ಇಲ್ಲ. ಮಗು ಹುಟ್ಟಿದಾಗ ಕಾನೂನು ತಾಯಿಯ ಕೈ ಹಿಡಿಯುತ್ತದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ, ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರುವ ಹಕ್ಕು. 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯೊಳಗೂ ಆ 26 ವಾರ ಹಾಗೇ ಇದೆ. ವಯಸ್ಸಾದವರ ವಿಷಯಕ್ಕೆ ಬಂದರೆ ಕಾನೂನಿನ ದನಿ ಬೇರೆ. ಪೋಷಕರು ಮತ್ತು ಹಿರಿಯ ನಾಗರಿಕರ ಪೋಷಣೆಗೆ ಅಂತ ಮಾಡಿದ 2007ರ ಕಾಯ್ದೆ ಪ್ರಕಾರ ತಂದೆ-ತಾಯಿಯನ್ನು ನೋಡಿಕೊಳ್ಳದಿದ್ದರೆ ಮಕ್ಕಳ ಮೇಲೆ ದೂರು ಕೊಡಬಹುದು. ನೋಡಿಕೊಳ್ಳುವುದಕ್ಕೆ ಒಂದು ದಿನ ರಜೆ ಕೊಡಿ ಅಂತ ಮಾತ್ರ ಅದು ಮಾಲೀಕರಿಗೆ ಹೇಳುವುದಿಲ್ಲ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಕೂಡ ಅಷ್ಟೇ. ನಿಮ್ಮ ಆಶ್ರಯದಲ್ಲಿರುವ ಅಮ್ಮನ ಚಿಕಿತ್ಸೆಗೆ ಅದು ಆಗಿಬರುತ್ತದೆ. ಅನಾರೋಗ್ಯದ ರಜೆಯಲ್ಲಿ ಶೇ 70ರಷ್ಟು ಕೂಲಿ ವರ್ಷಕ್ಕೆ 91 ದಿನದವರೆಗೆ ಸಿಗುತ್ತದಲ್ಲ, ಅದು ನಿಮಗೇ ಕಾಯಿಲೆ ಬಂದರೆ. ಅಮ್ಮನ ಹಾಸಿಗೆ ಪಕ್ಕ ಕೂತ ದಿನಕ್ಕಲ್ಲ.

ಹಾಗಂತ ಕೈಲಿ ಏನೂ ಇಲ್ಲ ಅಂತಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ತೆಗೆದು ನೋಡಿ. 20 ದಿನ ದುಡಿದರೆ ಒಂದು ದಿನದ ಗಳಿಕೆ ರಜೆ. ಅದರ ಜೊತೆ ವರ್ಷಕ್ಕೆ 12 ದಿನ ಸಂಬಳದ ರಜೆ. ಇದು ಬರೀ ಸಿಕ್ ಲೀವ್ ಅಂತ ಎಲ್ಲರೂ ತಿಳಿದಿದ್ದಾರೆ. ಕಾಯ್ದೆಯಲ್ಲಿ ಕಾಯಿಲೆ, ಅಪಘಾತದ ಜೊತೆಗೆ 'ಬೇರೆ ಯಾವುದೇ ಸಮಂಜಸ ಕಾರಣ' ಅನ್ನುವ ಅರ್ಥದ ಮಾತೂ ಇದೆ. ಅತ್ತೆಗೆ ಸ್ಟ್ರೋಕ್ ಆಗಿದ್ದು ಸಮಂಜಸ ಕಾರಣ ಅಲ್ಲದೆ ಇನ್ನೇನು? ಎಷ್ಟೋ ಎಚ್‌ಆರ್‌ಗಳಿಗೆ ಈ ಸಾಲು ನೆನಪಿರುವುದಿಲ್ಲ. ನನಗೂ ನೆನಪಿರಲಿಲ್ಲ.

ಪ್ರಶ್ನೆ: ಸರ್ಕಾರಿ ಕೆಲಸದಲ್ಲಿದ್ದರೆ?

ಪರವಾಗಿಲ್ಲ ಅನ್ನುವಷ್ಟಿದೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ, ಒಂಟಿಯಾಗಿ ಮಗು ಸಾಕುವ ಗಂಡಸರಿಗೆ, ಇಡೀ ಸೇವಾವಧಿಯಲ್ಲಿ 730 ದಿನ ಮಕ್ಕಳ ಪಾಲನಾ ರಜೆ. ಮೊದಲ 365 ದಿನ ಪೂರ್ತಿ ಸಂಬಳ, ಉಳಿದದ್ದಕ್ಕೆ ಶೇ 80. ಮಗುವಿಗೆ 18 ತುಂಬುವವರೆಗೆ ತಗೊಳ್ಳಬಹುದು. ಅಂಗವೈಕಲ್ಯ ಇರುವ ಮಗುವಾದರೆ ಆ ವಯಸ್ಸಿನ ಮಿತಿ ಇಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಪಾಲನಾ ರಜೆ ಕೊಟ್ಟಿತು. ಅಂಗವಿಕಲ ಅವಲಂಬಿತರನ್ನು ನೋಡಿಕೊಳ್ಳುವ ಕೇಂದ್ರ ನೌಕರರಿಗೆ ಮಾಮೂಲಿ ವರ್ಗಾವಣೆಯಿಂದ ವಿನಾಯಿತಿ ಇದೆ. ರಜೆಗಿಂತ ಇದೇ ದೊಡ್ಡದು ಅಂತ ನನ್ನ ಅಭಿಪ್ರಾಯ. ಮಗುವಿಗೆ ಹೊಂದಿಕೊಂಡ ಥೆರಪಿಸ್ಟ್, ಶಾಲೆ, ಪಕ್ಕದ ಮನೆಯ ಅಜ್ಜಿ, ಇದನ್ನೆಲ್ಲ ಬಿಟ್ಟು ಇನ್ನೊಂದು ಊರಿಗೆ ಹೋಗುವುದು ಅಂದರೆ ಏನು ಅಂತ ಅನುಭವಿಸಿದವರಿಗೇ ಗೊತ್ತು.

2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜೊಂದರ ಸಹಾಯಕ ಪ್ರಾಧ್ಯಾಪಕಿಯ ಅರ್ಜಿ ಬಂತು. ಮಗನಿಗೆ ಹುಟ್ಟಿನಿಂದ ಬಂದ ಕಾಯಿಲೆ, ರಜೆಯೆಲ್ಲ ಮುಗಿದಿತ್ತು, ರಾಜ್ಯದ ನಿಯಮದಲ್ಲಿ ಪಾಲನಾ ರಜೆ ಇರಲಿಲ್ಲ. ಅಂಥ ರಜೆ ಕೊಡದಿದ್ದರೆ ತಾಯಿ ಕೆಲಸ ಬಿಡುವ ಸ್ಥಿತಿ ಬರುತ್ತದೆ, ಹೆಂಗಸರು ದುಡಿಮೆಯಲ್ಲಿ ಭಾಗವಹಿಸುವುದು ಸಂವಿಧಾನದ ವಿಷಯ ಅಂತ ಕೋರ್ಟ್ ಹೇಳಿತು.

ಅಪ್ಪ-ಅಮ್ಮನಿಗೆ ಅಂತಲೇ ರಜೆ ಇಲ್ಲಿಯೂ ಇಲ್ಲ. 2025ರ ಜುಲೈನಲ್ಲಿ ರಾಜ್ಯಸಭೆಯಲ್ಲಿ ಈ ಪ್ರಶ್ನೆ ಬಂದಾಗ ಸರ್ಕಾರ ಕೊಟ್ಟ ಉತ್ತರ, ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧ ವೇತನದ ರಜೆ, 8 ದಿನ ಸಿಎಲ್ (ಸಾಂದರ್ಭಿಕ ರಜೆ) ಇದೆ, ವಯಸ್ಸಾದ ತಂದೆ-ತಾಯಿಯ ಆರೈಕೆಗೂ ಅದನ್ನೇ ಬಳಸಬಹುದು ಅಂತ.

ಪ್ರಶ್ನೆ: ಅತ್ತೆ-ಮಾವ 'ಕುಟುಂಬ'ಕ್ಕೆ ಸೇರಲ್ವಾ? ನಮ್ಮ ಆಫೀಸಲ್ಲಿ ಹಾಗಂದರು.

ಈ ಪ್ರಶ್ನೆ ಬಂದರೆ ನನಗೆ ಸ್ವಲ್ಪ ನಾಚಿಕೆ. ನಾನಿದ್ದ ಕಂಪನಿಯ ಪಾಲಿಸಿಯಲ್ಲಿ ತುರ್ತು ಕುಟುಂಬ ರಜೆ ಅಂತ ಐದು ದಿನ ಇತ್ತು. 'ಕುಟುಂಬ ಎಂದರೆ ಗಂಡ ಅಥವಾ ಹೆಂಡತಿ, ಮಕ್ಕಳು, ನೌಕರರ ಸ್ವಂತ ತಂದೆ-ತಾಯಿ' ಅಂತ ಸಾಲು. ಅತ್ತೆಯನ್ನು ಐಸಿಯುಗೆ ಸೇರಿಸಿದ ಮೂರನೇ ದಿನ ನನ್ನ ಅರ್ಜಿ ವಾಪಸ್ ಬಂತು, ಆ ಸಾಲಿನ ಕೆಳಗೆ ಗೆರೆ ಎಳೆದು. ಆ ಸಾಲು ಬರೆದದ್ದು ನಾನೇ. ನಾಲ್ಕು ವರ್ಷದ ಹಿಂದೆ, ಬೇರೆ ಯಾವುದೋ ಕಂಪನಿಯ ಪಾಲಿಸಿ ನೋಡಿಕೊಂಡು, ಕಾಫಿ ಕುಡಿಯುತ್ತಾ.

ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದ ಅತ್ತೆಗೆ ಡೈಪರ್ ಬದಲಿಸುವವರು ಯಾರು? ಸೊಸೆ. ಮಗ ಆಸ್ಪತ್ರೆ ಬಿಲ್ಲು ಕಟ್ಟುತ್ತಾನೆ, ಔಷಧಿ ತರುತ್ತಾನೆ. ರಜೆ ಮಾತ್ರ ಮಗನ ಹೆಸರಿಗೆ. ಯಾರು ಕೆಲಸ ಮಾಡುತ್ತಾರೋ ಅವರನ್ನೇ ಬಿಟ್ಟು ಬರೆದ ಪಾಲಿಸಿಯಿಂದ ಯಾರ ಆರೋಗ್ಯ ಸುಧಾರಿಸೀತು? ಮೆಡಿಕ್ಲೇಮ್‌ನಲ್ಲೂ ಇದೇ ಗೋಳು. ಎಷ್ಟೋ ಕಡೆ ಅಪ್ಪ-ಅಮ್ಮ ಅಥವಾ ಅತ್ತೆ-ಮಾವ, ಎರಡರಲ್ಲಿ ಒಂದು ಜೋಡಿ ಆರಿಸಿಕೊಳ್ಳಿ ಅಂತಾರೆ. ಆ ಫಾರಂ ತುಂಬಿದ ರಾತ್ರಿ ಮನೆಯಲ್ಲಿ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಸ್ವಲ್ಪ ಬದಲಾಗುತ್ತಿದೆ. ಹೊಸ ಕಾರ್ಮಿಕ ಸಂಹಿತೆಗಳು ಮಹಿಳಾ ನೌಕರರ ಕುಟುಂಬದ ವ್ಯಾಖ್ಯೆಯಲ್ಲಿ ಅತ್ತೆ-ಮಾವನನ್ನೂ ಸೇರಿಸಿವೆ. ಅದು ಸೌಲಭ್ಯಕ್ಕೆ, ರಜೆಗಲ್ಲ. ಆದರೂ ನಿಮ್ಮ ಎಚ್‌ಆರ್ ಹತ್ತಿರ ಮಾತಾಡುವಾಗ ಇದನ್ನು ಮುಂದಿಡಿ. 'ಸರ್ಕಾರವೇ ಒಪ್ಪಿದೆ, ನೀವೂ ಒಂದು ಪದ ಸೇರಿಸಿ' ಅನ್ನಬಹುದು. ಖರ್ಚಿಲ್ಲದ ತಿದ್ದುಪಡಿ ಇದು.

ಪ್ರಶ್ನೆ: ಇದೆಲ್ಲ ಕಂಪ್ಯೂಟರ್ ಮುಂದೆ ಕೂರೋರಿಗೆ. ಗಾರ್ಮೆಂಟ್ಸ್‌ನಲ್ಲಿರೋರಿಗೆ ಏನು?

ಸರಿಯಾದ ಪ್ರಶ್ನೆ. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಹೊಲಿಗೆ ಲೈನ್‌ನಲ್ಲಿ ಕೂತವರಿಗೆ 'ನಿಮಗೆ ಬೇಕಾದ ಹೊತ್ತಿಗೆ ಬನ್ನಿ' ಅನ್ನುವ ಮಾತಿಗೆ ಅರ್ಥವಿಲ್ಲ. ಒಬ್ಬಳು ಎದ್ದರೆ ಇಡೀ ಲೈನ್ ನಿಲ್ಲುತ್ತದೆ, ಗಂಟೆಗೊಂದು ಟಾರ್ಗೆಟ್ ಇರುತ್ತದೆ. ಆದರೆ ಅಲ್ಲಿಗೂ ಹೊಂದುವ ವ್ಯವಸ್ಥೆಗಳಿವೆ. ಓವರ್‌ಟೈಮ್ ಇದ್ದರೆ ಸಂಜೆ ಐದಕ್ಕೆ ಹೇಳುವ ಬದಲು ಹಿಂದಿನ ದಿನವೇ ಹೇಳುವುದು. ಅರ್ಧ ದಿನದ ರಜೆ. ಫೋನ್ ಒಳಗೆ ಬಿಡದಿದ್ದರೆ, ಮನೆಯಿಂದ ತುರ್ತು ಕರೆ ಬಂದರೆ ತಿಳಿಸುವ ಒಂದು ನಂಬರ್. ಈ ಕೊನೆಯದನ್ನು ಸಣ್ಣದು ಅಂತ ನೋಡಬೇಡಿ. ಫಿಟ್ಸ್ ಬರುವ ಮಗುವನ್ನು ಮನೆಯಲ್ಲಿ ಬಿಟ್ಟು ಬಂದ ತಾಯಿಗೆ, 'ಏನಾದ್ರೂ ಆದ್ರೆ ನನಗೆ ಗೊತ್ತಾಗುತ್ತೆ' ಅನ್ನುವುದೇ ಅರ್ಧ ಔಷಧಿ.

ಶಿಶುಪಾಲನಾ ಕೇಂದ್ರ ಹಳೆಯ ಕಾನೂನಿನಲ್ಲೂ ಇತ್ತು. 1948ರ ಕಾರ್ಖಾನೆ ಕಾಯ್ದೆ 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಅದನ್ನು ಕಡ್ಡಾಯ ಮಾಡಿತ್ತು. ಹಳ್ಳಿ ಕಡೆ ನೋಡುವುದಾದರೆ, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 2023-24ರ ರಾಜ್ಯ ಬಜೆಟ್ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಘೋಷಿಸಿತು. ಹೆಸರೇ ಚೆನ್ನಾಗಿದೆ, ಅಲ್ವಾ? ಮರದ ಕೊಂಬೆಗೆ ಸೀರೆ ಜೋಲಿ ಕಟ್ಟಿ, ಇರುವೆ ಹತ್ತೀತು ಅಂತ ಕಣ್ಣೆಲ್ಲ ಅಲ್ಲೇ ಇಟ್ಟು ಮಣ್ಣು ಹೊರುವುದಕ್ಕೂ, ಮಗು ಸೂರಿನಡಿ ಇದೆ ಅಂತ ಗೊತ್ತಿದ್ದು ಹೊರುವುದಕ್ಕೂ ವ್ಯತ್ಯಾಸ ಇದೆ.

ಪ್ರಶ್ನೆ: ವರ್ಕ್ ಫ್ರಂ ಹೋಮ್ ಕೊಟ್ಟರೆ ಎಲ್ಲಾ ಮುಗೀತಲ್ವಾ?

ಇಲ್ಲ. ಪ್ರಯಾಣ ಉಳಿಯುತ್ತದೆ, ಅದು ದೊಡ್ಡ ಲಾಭವೇ. ಆದರೆ ಮನೆಯಲ್ಲಿದ್ದೀಯಲ್ಲ ಅಂತ ಹೋಮ್ ನರ್ಸ್ ಬೇಡ ಅಂತಾರೆ, ಮಧ್ಯಾಹ್ನದ ಅಡುಗೆ ನಿಮ್ಮ ಪಾಲಿಗೆ ಬರುತ್ತದೆ, ರಾತ್ರಿ ಒಂಬತ್ತಕ್ಕೆ ಲ್ಯಾಪ್‌ಟಾಪ್ ತೆಗೆದು ಆಫೀಸಿನ ಕೆಲಸ. ನಾನು ಎರಡು ತಿಂಗಳು ಹೀಗೆ ಮಾಡಿ, ವಾರಕ್ಕೆ ಮೂರು ದಿನ ಆಫೀಸೇ ವಾಸಿ ಅಂತ ವಾಪಸ್ ಹೋದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ನಲವತ್ತು ನಿಮಿಷ ಯಾರಿಗೂ ಏನೂ ಮಾಡಬೇಕಿರಲಿಲ್ಲ. ಆಯ್ಕೆ ನಿಮ್ಮ ಕೈಲಿರಬೇಕು, ಮುಖ್ಯವಾದದ್ದು ಅದು.

ಪ್ರಶ್ನೆ: ಗಂಡಸರಿಗೂ ಇದು ಅನ್ವಯಿಸುತ್ತಾ?

ಖಂಡಿತ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು, ದಿನಕ್ಕೆ ಸುಮಾರು 140 ನಿಮಿಷ. ಗಂಡಸರಲ್ಲಿ ಶೇ 21.4, ಅವರು 74 ನಿಮಿಷ. ಲೆಕ್ಕ ವಾಲಿದೆ, ನಿಜ. ಆದರೆ ಐದರಲ್ಲಿ ಒಬ್ಬ ಗಂಡಸು ಅಂದರೆ ಕಡಿಮೆಯೇನಲ್ಲ. ಆಫೀಸಿನಲ್ಲಿ ಅವರು ಬಾಯಿ ಬಿಡುವುದಿಲ್ಲ. 'ಮನೇಲಿ ಹೆಂಡ್ತಿ ಇಲ್ವಾ' ಅಂತ ಕೇಳುತ್ತಾರೆ ಅನ್ನೋ ಭಯ. ಹೆಂಗಸರಿಗೆ ಮಾತ್ರ ಅಂತ ಮಾಡಿದ ಪಾಲಿಸಿ ಎರಡು ಕಡೆ ಹೊಡೆಯುತ್ತದೆ. ನೋಡಿಕೊಳ್ಳಬೇಕು ಅನ್ನುವ ಗಂಡಸಿಗೆ ದಾರಿ ಮುಚ್ಚುತ್ತದೆ, ಹೆಂಗಸಿಗೆ 'ಇದು ನಿನ್ನದೇ' ಅಂತ ಮುದ್ರೆ ಒತ್ತುತ್ತದೆ.

ಪ್ರಶ್ನೆ: ಬೇರೆ ದೇಶಗಳಲ್ಲಿ ಹೇಗಿದೆ?

ಜಪಾನ್ ಗಮನಿಸಿ. ಅಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಜನ ಮನೆಯವರ ಆರೈಕೆಗಾಗಿ ಕೆಲಸ ಬಿಡುತ್ತಾರೆ. ಅದನ್ನು ತಡೆಯಲು, ಆರೈಕೆ ಬೇಕಾದ ಒಬ್ಬೊಬ್ಬರ ಲೆಕ್ಕದಲ್ಲೂ ನೌಕರರಿಗೆ 93 ದಿನ ರಜೆ, ಮೂರು ಕಂತಿನವರೆಗೆ ತಗೊಳ್ಳಬಹುದು. ಉದ್ಯೋಗ ವಿಮೆಯಿಂದ ಸಂಬಳದ ಶೇ 67 ಸಿಗುತ್ತದೆ. ಅತ್ತೆ-ಮಾವ ಸೇರುತ್ತಾರೆ, ಅಜ್ಜಿ-ತಾತ ಸೇರುತ್ತಾರೆ. 2025ರ ಏಪ್ರಿಲ್‌ನಿಂದ, ನೌಕರರಿಗೆ 40 ವರ್ಷ ಆಗುವ ಹೊತ್ತಿಗೆ ಈ ರಜೆಯ ವಿಷಯ ತಿಳಿಸುವುದು ಮಾಲೀಕರ ಹೊಣೆ. ನನಗೆ ಬಲು ಹಿಡಿಸಿದ್ದು ಇದು. ಕಷ್ಟ ಬಂದ ಮೇಲೆ ಪಾಲಿಸಿ ಹುಡುಕುವ ತಲೆ ಯಾರಿಗಿರುತ್ತದೆ?

ಬ್ರಿಟನ್‌ನಲ್ಲಿ 2024ರ ಏಪ್ರಿಲ್ 6ರಿಂದ ವರ್ಷಕ್ಕೆ ಒಂದು ವಾರ ಆರೈಕೆ ರಜೆ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ. ಸಂಬಳ ಇಲ್ಲ. ಸಂಬಳ ಇಲ್ಲದ ರಜೆಯನ್ನು ಕಡಿಮೆ ದುಡಿಯುವವರು ತಗೊಳ್ಳುವುದು ಕಷ್ಟ, ಅದು ಎಲ್ಲಿ ಬಂದರೂ ಇದೇ ಕತೆ.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಅಪ್ಪನಿಗೆ ಶಿವಮೊಗ್ಗದಲ್ಲಿ ಆಪರೇಷನ್. ಅಲ್ಲಿಗೆ ಬಂದು ನೋಡಿಕೊಳ್ಳಲು ರಜೆ ಸಿಗುತ್ತಾ?

1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆಯಡಿ 12 ವಾರ ಸಂಬಳವಿಲ್ಲದ ರಜೆ ಸಿಗಬಹುದು. ಕಂಪನಿಯಲ್ಲಿ 50 ನೌಕರರಿರಬೇಕು, ನೀವು ಒಂದು ವರ್ಷ ಕೆಲಸ ಮಾಡಿರಬೇಕು. ಅಪ್ಪ-ಅಮ್ಮ ಬೇರೆ ದೇಶದಲ್ಲಿದ್ದರೂ ಆಗುತ್ತದೆ. ಅಲ್ಲಿನ ಡಾಕ್ಟರ್ ಕೊಟ್ಟ ಪ್ರಮಾಣಪತ್ರ ನಡೆಯುತ್ತದೆ. ಶಿವಮೊಗ್ಗದ ಡಾಕ್ಟರ್ ಹತ್ತಿರ ಮೊದಲೇ ಫಾರಂ ಕಳಿಸಿ ಬರೆಸಿಕೊಳ್ಳಿ. ಅತ್ತೆ-ಮಾವ ಇದರಲ್ಲಿಲ್ಲ! ಕ್ಯಾಲಿಫೋರ್ನಿಯಾದವರಾದರೆ ರಾಜ್ಯದ್ದೇ ಸಂಬಳ ಸಹಿತ ಕುಟುಂಬ ರಜೆ ಇದೆ, 8 ವಾರದವರೆಗೆ ಸಂಬಳದ ಒಂದು ಭಾಗ, ಅದಕ್ಕೆ ಅತ್ತೆ-ಮಾವನೂ ಸೇರುತ್ತಾರೆ. ಆ ರಜೆ ಬಂದ ಮೇಲೆ ಅಲ್ಲಿ ನರ್ಸಿಂಗ್ ಹೋಮ್ ಸೇರುವ ವೃದ್ಧರ ಪ್ರಮಾಣ ಶೇ 11ರಷ್ಟು ಇಳಿಯಿತು ಅಂತ 2018ರ ಒಂದು ಅಧ್ಯಯನ ಕಂಡುಕೊಂಡಿತು.

ಪ್ರಶ್ನೆ: ಮ್ಯಾನೇಜರ್‌ಗೆ ಹೇಳಿದರೆ ಅಪ್ರೈಸಲ್ ಹಾಳಾಗಲ್ವಾ?

ಆಗಬಹುದು. ಆಗಲ್ಲ ಅಂತ ಹೇಳಿದರೆ ಸುಳ್ಳು. ಎಚ್‌ಆರ್ ಕೋಣೆಯಲ್ಲಿ ಕೂತು 'ಅವರಿಗೆ ಮನೆ ಕಡೆ ತೊಂದರೆ ಇದೆ, ಈ ಪ್ರಾಜೆಕ್ಟ್ ಬೇಡ' ಅನ್ನುವ ಮಾತನ್ನು ಕೇಳಿದ್ದೇನೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಪೆಟ್ಟು ಬಿದ್ದದ್ದು ಮಾತ್ರ ನಿಜ. ಆದರೂ ಹೇಳಿ ಅಂತೀನಿ. ಮುಚ್ಚಿಟ್ಟರೆ ತಡವಾಗಿ ಬರುವುದು, ಮರೆಯುವುದು, ಸಿಡುಕುವುದು ಎಲ್ಲ ನಿಮ್ಮ ಸೋಮಾರಿತನ ಅಂತ ದಾಖಲಾಗುತ್ತದೆ. ಹೇಳುವಾಗ ಕಷ್ಟದ ಜೊತೆ ಪರಿಹಾರವನ್ನೂ ತಗೊಂಡು ಹೋಗಿ. 'ಮಂಗಳವಾರ, ಶುಕ್ರವಾರ ಹತ್ತೂವರೆಗೆ ಬರ್ತೀನಿ, ಆ ದಿನ ಏಳೂವರೆವರೆಗೆ ಇರ್ತೀನಿ, ಮೂರು ತಿಂಗಳು.' ಗಡುವು ಇದ್ದ ಬೇಡಿಕೆಗೆ ಹೂಂ ಅನ್ನುವುದು ಮ್ಯಾನೇಜರ್‌ಗೂ ಸುಲಭ.

ಪ್ರಶ್ನೆ: ನಮ್ಮದು ಹನ್ನೆರಡು ಜನರ ಸಣ್ಣ ಸಂಸ್ಥೆ. ಇಷ್ಟೆಲ್ಲ ಎಲ್ಲಿಂದ ಕೊಡಲಿ?

ದುಡ್ಡು ಬೇಡದವುಗಳಿಂದ ಶುರು ಮಾಡಿ. ಕುಟುಂಬದ ವ್ಯಾಖ್ಯೆ ಅಗಲ ಮಾಡಿ. ಗಂಟೆ ಲೆಕ್ಕದಲ್ಲಿ ಪರ್ಮಿಷನ್ ಕೊಡಿ, ಆಸ್ಪತ್ರೆ ಕೆಲಸಕ್ಕೆ ಇಡೀ ದಿನದ ಸಿಎಲ್ ಸುಡಬೇಕಾಗಿಲ್ಲ. ಸಹೋದ್ಯೋಗಿಗಳು ರಜೆ ದಾನ ಮಾಡಲು ಬಿಡಿ. ಸಣ್ಣ ಸಂಸ್ಥೆಗೆ ಒಂದು ಅನುಕೂಲ ಇದೆ, ಮಾಲೀಕರೇ ಮ್ಯಾನೇಜರ್. ಒಬ್ಬರು ಹೂಂ ಅಂದರೆ ಮುಗೀತು. ಹತ್ತು ವರ್ಷದ ಅಕೌಂಟೆಂಟ್ ಕೆಲಸ ಬಿಟ್ಟು ಹೋದರೆ ಹೊಸಬರನ್ನು ಹುಡುಕಿ ಕಲಿಸಲು ಎಷ್ಟಾಗುತ್ತದೆ ಅಂತಲೂ ಒಮ್ಮೆ ಕೂಡಿ ನೋಡಿ.

ಪ್ರಶ್ನೆ: ಪಾಲಿಸಿ ಬರುವ ತನಕ ನಾನೇನು ಮಾಡಲಿ? ನಿದ್ದೆಯೇ ಇಲ್ಲ.

ನಿಮ್ಮ ಬಿಪಿ, ಸಕ್ಕರೆ ನೋಡಿಸಿ. ರೋಗಿಯ ಚೀಟಿ ಬರೆಯುವ ಡಾಕ್ಟರಿಗೇ ಹೇಳಿ, 'ನನ್ನದೂ ನೋಡಿ' ಅಂತ. ವಾರಕ್ಕೆ ಒಂದು ರಾತ್ರಿಯಾದರೂ ಬೇರೆಯವರು ಅಲಾರಂ ಇಟ್ಟುಕೊಳ್ಳಲಿ. ಅತ್ತು ಅತ್ತು ಸಾಕಾಗಿದ್ದರೆ, ಅಥವಾ ಅಳುವೂ ಬರದ ಹಾಗೆ ಆಗಿದ್ದರೆ, 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್, ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ವಯಸ್ಸಾದವರ ಆರೈಕೆ, ವೃದ್ಧಾಶ್ರಮ, ಪಿಂಚಣಿ ವಿಷಯಕ್ಕೆ 14567 ಹಿರಿಯರ ಸಹಾಯವಾಣಿ.

ಪ್ರಶ್ನೆ: ಕೆಲಸ ಬಿಟ್ಟುಬಿಡೋದೇ ಒಳ್ಳೇದಲ್ವಾ?

ಕೆಲವರಿಗೆ ಬೇರೆ ದಾರಿ ಇರುವುದಿಲ್ಲ, ಗೊತ್ತು. ಆದರೆ ಸಂಬಳ ನಿಂತರೆ ಹೋಮ್ ನರ್ಸ್ ನಿಲ್ಲುತ್ತಾರೆ, ಕಂಪನಿಯ ಮೆಡಿಕ್ಲೇಮ್ ಹೋಗುತ್ತದೆ, ದಿನಕ್ಕೆ ಎಂಟು ಗಂಟೆ ನಿಮ್ಮ ಹೆಸರು ಹಿಡಿದು ಕರೆಯುತ್ತಿದ್ದ ಜನ ಹೋಗುತ್ತಾರೆ. ಮೊದಲು ಉದ್ದ ರಜೆ ಕೇಳಿ, ಸಂಬಳ ಇಲ್ಲದಿದ್ದರೂ ಸರಿ. ರಾಜೀನಾಮೆ ಯಾವತ್ತು ಬೇಕಾದರೂ ಬರೆಯಬಹುದು.

ಪ್ರಶ್ನೆ: ಎಚ್‌ಆರ್‌ಗೆ ಪತ್ರ ಹೇಗೆ ಬರೀಲಿ?

ಉದ್ದ ಬೇಡ. ಕಣ್ಣೀರು ಬೇಡ. ನಾನು ಎರಡನೇ ಸಲ ಬರೆದು ಒಪ್ಪಿಸಿಕೊಂಡದ್ದು ಹೆಚ್ಚುಕಡಿಮೆ ಹೀಗಿತ್ತು:

'ನನ್ನ ಅತ್ತೆಗೆ ಪಾರ್ಶ್ವವಾಯು ಆಗಿದೆ. ಮನೆಯಲ್ಲಿ ಮುಖ್ಯವಾಗಿ ನೋಡಿಕೊಳ್ಳುತ್ತಿರುವವಳು ನಾನು. ವಾರಕ್ಕೆ ಎರಡು ದಿನ ಫಿಸಿಯೋಥೆರಪಿ ಇರುವುದರಿಂದ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ 10.30ಕ್ಕೆ ಬರಲು ಮೂರು ತಿಂಗಳ ಮಟ್ಟಿಗೆ ಅನುಮತಿ ಕೋರುತ್ತೇನೆ. ಆ ದಿನಗಳ ಕೆಲಸದ ಅವಧಿಯನ್ನು ಸಂಜೆ ಪೂರೈಸುತ್ತೇನೆ. ತುರ್ತು ಸಂದರ್ಭದಲ್ಲಿ ಕಾಯ್ದೆಯ ಪ್ರಕಾರ ಇರುವ 12 ದಿನಗಳ ರಜೆಯನ್ನು ಇದೇ ಕಾರಣಕ್ಕೆ ಬಳಸಿಕೊಳ್ಳುತ್ತೇನೆ. ಡಾಕ್ಟರ್ ಪತ್ರ ಲಗತ್ತಿಸಿದ್ದೇನೆ.'

ಇಮೇಲ್‌ನಲ್ಲೇ ಕಳಿಸಿ. ಬಾಯಿಮಾತಿನಲ್ಲಿ ಸರಿ ಅಂದರೆ, ಸಂಜೆ 'ಇವತ್ತು ನೀವು ಒಪ್ಪಿದ ಪ್ರಕಾರ' ಅಂತ ಎರಡು ಸಾಲು ಬರೆದು ಕಳಿಸಿ. ಮ್ಯಾನೇಜರ್ ಬದಲಾದಾಗ ಅದೇ ಕೆಲಸಕ್ಕೆ ಬರುವುದು.